ಯಾರ ಫೋನಿನಲ್ಲಿ ಮೊದಲು

ಮಗಳಿಗೆ ಗಂಡು ನೋಡುವಾಗಲೂ ನನಗೆ ಇಷ್ಟು ಗೊಂದಲವಾಗಿರಲಿಲ್ಲ. ಗಂಡು ಎಂದರೆ ಏನೆಂದಾದರೂ ಗೊತ್ತಿತ್ತು. ಎಸ್‌ಇಒ ಮಾಡುವವರು ಏನು ಮಾಡುತ್ತಾರೆ ಎಂಬುದೇ ನನಗೆ ಅರ್ಧಂಬರ್ಧ ತಿಳಿದಿತ್ತು. ಜನ ಫೋನಿನಲ್ಲಿ ‘ಏರ್‌ಪೋರ್ಟ್ ಹತ್ತಿರ ರೂಮು’ ಎಂದು ಹುಡುಕಿದರೆ ನಮ್ಮ ಹೆಸರು ಮೇಲೆ ಬರುವಂತೆ ಮಾಡುತ್ತಾರಂತೆ, ಅಷ್ಟೇ.

ಬೂದಿಗೆರೆ ರಸ್ತೆಯ ನಮ್ಮ ಮನೆಯ ಮಹಡಿ ಮೇಲೆ ನಾಲ್ಕು ರೂಮು ಕಟ್ಟಿಸಿದ್ದೆವು. ಬೆಳಗಿನ ಜಾವದ ವಿಮಾನ ಹಿಡಿಯುವವರು ಬಂದು ಉಳಿಯಲಿ ಎಂಬುದು ನನ್ನ ಆಸೆ. ಹಾಸಿಗೆ, ಹೊದಿಕೆ ಎಲ್ಲ ನಾನೇ ಆರಿಸಿ ತಂದಿದ್ದೆ. ಆರು ತಿಂಗಳಾದರೂ ಬಂದವರು ಬೆರಳೆಣಿಕೆಯಷ್ಟು ಜನ. ಏರ್‌ಪೋರ್ಟ್ ಕಾರ್ಗೋದಲ್ಲಿ ಕೆಲಸಕ್ಕಿದ್ದ ನಮ್ಮ ಯಜಮಾನರು, ಯುಗಾದಿವರೆಗೂ ನೋಡೋಣ, ಆಮೇಲೆ ಗೋಡೌನಿನವರಿಗೆ ಲೀಸಿಗೆ ಕೊಟ್ಟುಬಿಡೋಣ ಎಂದರು. ಗೋಡೌನಿನವರಾದರೆ ಆ ರೂಮುಗಳಲ್ಲಿ ರಟ್ಟಿನ ಪೆಟ್ಟಿಗೆ ಜೋಡಿಸಿಡುತ್ತಾರೆ. ಆ ಹೊದಿಕೆಗಳನ್ನು ನಾನೇನು ಮಾಡಲಿ? ಯುಗಾದಿಗೆ ಇನ್ನು ಮೂರೇ ತಿಂಗಳಿತ್ತು.

ಅಷ್ಟರೊಳಗೆ ನಮ್ಮ ಹೆಸರು ಮೇಲೆ ತರಿಸೋಣವೆಂದು ವಿಚಾರಿಸಿದಾಗ ಎಸ್‌ಇಒ ಮಾಡುವವರು ಇಬ್ಬರು ಸಿಕ್ಕರು. ಒಬ್ಬ ನನ್ನ ಓರಗಿತ್ತಿಯ ಕಡೆಯ ದೂರದ ಸಂಬಂಧಿ, ದೇವನಹಳ್ಳಿಯಲ್ಲಿ ಆಫೀಸು ಇಟ್ಟವನು. “ಅಕ್ಕಾ, ಹದಿನೈದು ದಿನ ಕೊಡಿ. ಫಸ್ಟ್ ಬರ್ಲಿಲ್ಲ ಅಂದ್ರೆ ನನ್ನ ಕೇಳಿ” ಎಂದ.

ಇನ್ನೊಬ್ಬಳು ಹೊಸಕೋಟೆಯವಳು. ನಮ್ಮಲ್ಲಿ ಉಳಿದುಕೊಂಡಿದ್ದ ಒಬ್ಬರು ನಂಬರು ಕೊಟ್ಟಿದ್ದರು. “ಫಸ್ಟ್ ತರ್ತೀನಿ ಅಂತ ನಾನು ಮಾತು ಕೊಡಕ್ಕಾಗಲ್ಲ ಮೇಡಂ. ನಾಲ್ಕು ತಿಂಗಳಾದ್ರೂ ಬೇಕು. ನಿಮ್ಮ ಗೇಟಿನ ಫೋಟೋ ಕಳಿಸ್ತೀರಾ? ಬಿಸಿನೀರು ಎಷ್ಟೊತ್ತಿಗೆ ಬರುತ್ತೆ?” ಎಂದಳು. ನನಗೆ ಸಿಟ್ಟೇ ಬಂತು. ಕಂಪ್ಯೂಟರಿನ ಕೆಲಸ ಹೇಳಿದರೆ ಬಿಸಿನೀರಿನ ವಿಚಾರ ಕೇಳುತ್ತಾಳೆ. ಮೊದಲು ಕೆಲಸ ಮಾಡಿಸಿಕೊಂಡವರ ನಂಬರು ಕೇಳಿದರೆ, ಇವಳನ್ನು ಅರ್ಧಕ್ಕೇ ಬಿಟ್ಟುಹೋದವರೊಬ್ಬರದ್ದು ಕೊಟ್ಟಳು. ಹೀಗೂ ಇರುತ್ತಾರಾ ಎಂದುಕೊಂಡು ಆ ನಂಬರಿಗೆ ಫೋನು ಮಾಡಲೇ ಇಲ್ಲ.

ಅತ್ತೆಯವರು ದಾರಿ ತೋರಿಸಿದರು. “ಆ ಹುಡುಗನ ಊರಿನ ಡೈರೀಲಿ ಒಂದು ಮಾತು ಕೇಳ್ಕೊಂಡ್ ಬಾರಮ್ಮ. ಗಂಡು ನೋಡೋವಾಗ ಕೇಳಲ್ವಾ?”

ನಮ್ಮ ಕಡೆ ಸಂಬಂಧ ಬೆಳೆಸುವ ಮುಂಚೆ ಹೇಳದೆ ಕೇಳದೆ ಆ ಊರಿನ ಹಾಲಿನ ಡೈರಿಗೆ ಹೋಗಿ ವಿಚಾರಿಸುತ್ತೇವೆ. ದಿನಾ ಎಲ್ಲರೆದುರು ಹಾಲು ಪರೀಕ್ಷೆಯಾಗುವುದರಿಂದ ಯಾರ ಮನೆಯಲ್ಲಿ ನೀರು ಬೆರೆಸುತ್ತಾರೆಂದು ಅಲ್ಲಿಯವರಿಗೆ ಗೊತ್ತಿರುತ್ತದೆ. ನಂದಗುಡಿಯಿಂದಾಚೆಗಿನ ಅವನ ಊರಿಗೆ ಒಂದು ಬೆಳಿಗ್ಗೆ ನಾನೂ ಹೋದೆ. “ಆ ಮನೆ ಹಾಲಾ? ಒಂದಿನಾನೂ ವಾಪಸ್ ಕಳ್ಸಿಲ್ಲ ಬಿಡಮ್ಮ” ಎಂದರು ಡೈರಿಯ ಸೆಕ್ರೆಟರಿ. ಕೆಲಸ ಇವನಿಗೇ ಎಂದು ಅಲ್ಲೇ ನಿಂತು ತೀರ್ಮಾನ ಮಾಡಿಬಿಟ್ಟೆ. ಹಸುವಿನ ಹಾಲಿಗೂ ಫೋನಿನ ಹುಡುಕಾಟಕ್ಕೂ ಏನು ಸಂಬಂಧ ಎಂದು ಆಗ ಹೊಳೆಯಲೇ ಇಲ್ಲ.

“ಮನೇಲಿರೋರೆಲ್ಲ ದಿನಾ ಹುಡುಕಿ, ನಿಮ್ಮ ಹೆಸರೇ ಒತ್ತಿ ಅಕ್ಕಾ. ಅದಕ್ಕೆ ಬಲ ಬರುತ್ತೆ” ಎಂದು ಅವನು ಹೇಳಿಕೊಟ್ಟ. ನಾನು ಒತ್ತಿದೆ, ನೆಲಮಂಗಲದಲ್ಲಿರುವ ಮಗಳು ಒತ್ತಿದಳು, ಅತ್ತೆಯವರೂ ಕನ್ನಡಕ ಹಾಕಿಕೊಂಡು ಒತ್ತಿದರು. ಹನ್ನೆರಡನೆಯ ದಿನ ನನ್ನ ಫೋನಿನಲ್ಲಿ ಎಲ್ಲರಿಗಿಂತ ಮೇಲೆ ನಾವೇ. ಅಂದು ಶಾವಿಗೆ ಪಾಯಸ ಮಾಡಿದೆ.

ಆಮೇಲೆ ಒಂದು ತಿಂಗಳು ಕಳೆಯಿತು. ಹೆಸರು ಮೊದಲಿದೆ, ಜನ ಮಾತ್ರ ಇಲ್ಲ. ಪರೀಕ್ಷೆಯ ಕಾಲ, ಅದಕ್ಕೇ ಯಾರೂ ಓಡಾಡುತ್ತಿಲ್ಲ ಎಂದುಕೊಂಡೆ. ಗೇಟಿನ ಬಣ್ಣ ಸರಿಯಿಲ್ಲವೇನೋ ಎಂದೂ ಅನ್ನಿಸಿತು. ದಿನಕ್ಕೊಂದು ಕಾರಣ ಹುಡುಕಿ ತಲೆ ಕೆಟ್ಟುಹೋಯಿತು.

ಒಂದು ಮಧ್ಯಾಹ್ನ ನಮ್ಮ ಗೇಟಿನೆದುರು ಒಬ್ಬ ಹಿರಿಯರ ಕಾರು ಪಂಕ್ಚರ್ ಆಯಿತು. ಕರೆದು ನೀರು ಕೊಟ್ಟೆ. ಮಾತಿಗೆ ಮಾತು ಬಂದು, ನೆಂಟರಿಗೆ ರೂಮು ಬೇಕಾಗುತ್ತದೆ ಎಂದರು. “ಹುಡುಕಿ ನೋಡಿ, ಮೊದಲು ನಾವೇ ಬರ್ತೀವಿ” ಎಂದೆ ಜಂಬದಿಂದ. ಅವರು ಹುಡುಕಿದರು. ಬೆರಳು ಸರಿಸಿದರು, ಸರಿಸುತ್ತಲೇ ಇದ್ದರು. “ಕಾಣಿಸ್ತಿಲ್ವಲ್ಲಮ್ಮ” ಎಂದರು. ನನ್ನ ಫೋನು ತಂದು ಪಕ್ಕದಲ್ಲಿಟ್ಟೆ. ಅವೇ ಪದಗಳು. ನನ್ನದರಲ್ಲಿ ನಾವು ಮೊದಲು, ಅವರದರಲ್ಲಿ ನಾವು ಇಲ್ಲವೇ ಇಲ್ಲ. ನಾಚಿಕೆಯಿಂದ ನನ್ನ ಮುಖ ಬಿಸಿಯಾಯಿತು.

ಸಂಬಂಧಿಗೆ ಫೋನು ಮಾಡಿದರೆ “ಅವರ ನೆಟ್‌ವರ್ಕ್ ಪ್ರಾಬ್ಲಮ್ ಅಕ್ಕಾ” ಎಂದ. ಕೊನೆಗೆ ಹೊಸಕೋಟೆಯವಳಿಗೆ ಮಾಡಿದೆ.

“ಇಷ್ಟು ದಿನ ಯಾರ ಫೋನಲ್ಲಿ ನೋಡಿದ್ರಿ ಮೇಡಂ?”

“ಮನೇಲಿರೋರ ಫೋನಲ್ಲೇ.”

“ದಿನಾ ನಿಮ್ಮ ಹೆಸರನ್ನೇ ಒತ್ತುತ್ತಿದ್ರೆ ಫೋನು ನಿಮಗೆ ಬೇಕಾದ್ದನ್ನೇ ನಿಮಗೆ ಮೇಲೆ ತೋರ್ಸುತ್ತೆ. ನಿಮ್ಮ ಗುರುತಿಲ್ಲದೋರ ಫೋನಲ್ಲಿ ನೋಡ್ಬೇಕು.”

ಅವಳು ಹಿಂದೆ ಕೊಟ್ಟಿದ್ದ ನಂಬರು ನೆನಪಾಗಿ ಅದಕ್ಕೂ ಮಾಡಿದೆ. ದೊಡ್ಡಬಳ್ಳಾಪುರದ ಸೀರೆ ಅಂಗಡಿಯವರು. “ಆಯಮ್ಮ ಭಾರಿ ನಿಧಾನ. ಬೇಜಾರಾಗಿ ಬಿಟ್ಟೆ” ಎಂದರು. ಅವಳೇನಾದರೂ ಸುಳ್ಳು ಹೇಳಿದಳಾ ಎಂದು ಕೇಳಿದೆ. “ಇಲ್ಲ. ಫಸ್ಟ್ ಬರುತ್ತೆ ಅಂತ ಒಂದು ಸಮಾಧಾನಕ್ಕಾದ್ರೂ ಹೇಳ್ಬಾರ್ದಾ?” ಎಂದರು. ಅವಳು ಪ್ರಾಮಾಣಿಕಳೋ, ಇಂಥ ನಂಬರು ಕೊಡುವಷ್ಟು ಜಾಣೆಯೋ, ನನಗೆ ಆಗಲೂ ಬಗೆಹರಿಯಲಿಲ್ಲ.

ಸಂಜೆ ಯಜಮಾನರಿಗೆ ಎಲ್ಲ ಹೇಳಿದೆ. ‘ನಾನ್ ಹೇಳಿರ್ಲಿಲ್ವಾ’ ಎನ್ನುತ್ತಾರೆಂದು ಕಾದೆ. ಅವರು ತಮ್ಮ ಫೋನು ತೆಗೆದು ಎರಡು ಅಕ್ಷರ ಒತ್ತಿದರು. ಉಳಿದ ಪದಗಳು ತಾವಾಗಿಯೇ ಬಂದು ಕೂತವು. ಅಲ್ಲಿಯೂ ಮೊದಲು ನಾವೇ.

“ನೀವೂ ಹುಡುಕ್ತಿದ್ರಾ?”

“ಟೀಗೆ ಬಿಟ್ಟಾಗೆಲ್ಲ” ಎಂದರು ನನ್ನ ಮುಖ ನೋಡದೆ.

ಗೋಡೌನಿನವರಿಗೆ ಕೊಡುವುದೇ ಅವರಿಗೆ ಇಷ್ಟ ಎಂದು ನಾನು ಎಷ್ಟು ದಿನ ಒಳಗೊಳಗೇ ಕುದಿದಿದ್ದೆ. ನನಗೆ ಅಳು ಬಂತು.

“ಆ ಹೊಸಕೋಟೆಯವರು ಎಷ್ಟು ತಿಂಗಳು ಅಂದ್ರು?”

“ನಾಲ್ಕು.”

“ಯುಗಾದಿ ಕಳೆದ್ರೆ ಕಳೀಲಿ ಬಿಡು. ಗೇಟಿನ ಫೋಟೋ ಕೇಳಿದ್ರು ಅಂದಿದ್ಯಲ್ಲ” ಎಂದು ಎದ್ದರು. ಇನ್ನೂ ಬೆಳಕಿತ್ತು. ಹೊರಗೆ ಹೋಗಿ, ಗೇಟಿಗೆ ಅಡ್ಡವಾಗಿ ನಿಲ್ಲಿಸಿದ್ದ ತಮ್ಮ ಸ್ಕೂಟರನ್ನು ಪಕ್ಕಕ್ಕೆ ತಳ್ಳಿದರು.