ಆಯಿ ಮುಟ್ಟದ ಪಾತ್ರೆ

ಕಾದ ಇಸ್ತ್ರಿಯ ಕೆಳಗೆ ಗಂಜಿ ಹಾಕಿದ ಬಟ್ಟೆಯ ವಾಸನೆ ಎದ್ದರೆ ಸಾಕು, ನಾನು ಹುಬ್ಬಳ್ಳಿಯ ಈ ಬಾಡಿಗೆ ಮನೆಯಲ್ಲಿ ಇರುವುದೇ ಇಲ್ಲ. ಧಾರವಾಡದ ಮಿಶನ್ ಕಂಪೌಂಡಿನಲ್ಲಿ, ಆಯಿಯ ಮನೆಯ ಹೊಸ್ತಿಲ ಮೇಲೆ ಕೂತಿರುತ್ತೇನೆ. ಆಯಿ ಎಂದರೆ ನನ್ನ ಅಪ್ಪನ ತಾಯಿ. ಮಹಾಯುದ್ಧ ಶುರುವಾಗುವ ಮೊದಲಿನ ಮಾತು. ಈಗ ಹದಿನಾರು ತುಂಬಿದ ನಾನು ಆಗ ಮೊಣಕಾಲುದ್ದ ಇದ್ದೆ. ಆಯಿ ಭಾನುವಾರದ ಬಿಳಿ ಸೀರೆಗೆ ಹಾಕುತ್ತಿದ್ದ ಗಂಜಿ ಎಂಥದೆಂದರೆ, ಆ ಸೀರೆ ಆಯಿಯನ್ನು ಮನೆಯಲ್ಲೇ ಬಿಟ್ಟು, ತಾನೊಂದೇ ಚರ್ಚಿಗೆ ನಡೆದುಹೋಗಿ ಮೊದಲ ಬೆಂಚಿನಲ್ಲಿ ಕೂರಬಹುದಿತ್ತು. ಅವಳು ಕೂತಾಗ ಆಗುವ ಸದ್ದಿಗೆ ಪಾದ್ರಿಗಳು ಪ್ರಾರ್ಥನೆ ನಿಲ್ಲಿಸುತ್ತಿದ್ದರು. ಅವ್ವ ಇದನ್ನು ಕೇಳಿದರೆ "ಸುಳ್ಳಬುರಕಿ" ಅನ್ನುತ್ತಾಳೆ. ಒಂದು ಸಲವಾದರೂ ನಿಲ್ಲಿಸಿದ್ದು ಖರೆ.

ಇಂಥ ಆಯಿ ಕರ್ತನ ಭೋಜನದ ಭಾನುವಾರ ಮಾತ್ರ ಬೆಂಚು ಬಿಟ್ಟು ಏಳುತ್ತಿರಲಿಲ್ಲ. ಎಲ್ಲರೂ ಮುಂದೆ ಹೋಗಿ ರೊಟ್ಟಿಯ ಚೂರು ತಿಂದು, ಒಂದೇ ಪಾತ್ರೆಯಿಂದ ದ್ರಾಕ್ಷಾರಸ ಕುಡಿದು ಬರುವಾಗ ಅವಳು ತಲೆ ಬಗ್ಗಿಸಿ ಕೂತಿರುತ್ತಿದ್ದಳು. ಯಾರ ಮೇಲಾದರೂ ಸಿಟ್ಟಿದ್ದರೆ ರಾಜಿಯಾಗಿಯೇ ಪಾತ್ರೆ ಮುಟ್ಟಬೇಕೆಂಬುದು ನಮ್ಮವರ ಕಟ್ಟಳೆ. ಆಯಿಗೆ ಹಿಂದಿನ ಓಣಿಯ ತಂಗಿ ಮಾರ್ಥಾಳ ಮೇಲೆ, ಅಂದರೆ ನಮ್ಮ ಸಣ್ಣಾಯಿಯ ಮೇಲೆ ಸಿಟ್ಟು. ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲು, ಅಜ್ಜನ ಮಣ್ಣಿನ ದಿನ, ಸಣ್ಣಾಯಿ ಎಲ್ಲರ ಮುಂದೆ ಅವಳನ್ನು 'ಕಲ್ಲಿನಂಥಾಕಿ' ಎಂದಿದ್ದಳಂತೆ.

ಉಳಿದವರಿಗೆ ರಾಜಿ ಎಂಬುದು ಶನಿವಾರ ಸಂಜೆಯ ಕೆಲಸ, ದೀಪದ ಬುರುಡೆ ಒರೆಸಿದ ಹಾಗೆ. ಎದುರುಮನೆಯ ಯೋನಪ್ಪ ಬೇಲಿಯಾಚೆಯಿಂದಲೇ ಕೂಗುತ್ತಿದ್ದ: "ಏ ಸಾಲೋಮೋನಣ್ಣಾ, ಕ್ಷಮಾ ಮಾಡಪಾ, ನಾಳೆ ಭೋಜನ ಐತಿ!"

"ಮಾಡೇನಿ ಹೋಗು! ಮದಲ ನಿನ್ನ ಆಡು ಕಟ್ಟು!"

ಸೋಮವಾರ ಆಡು ಮತ್ತೆ ಸಾಲೋಮೋನಣ್ಣನ ಬದನೆ ಗಿಡದಲ್ಲಿ. ಆ ಆಡಿನಷ್ಟು ಕ್ಷಮೆ ಪಡೆದ ಪ್ರಾಣಿ ಇಡೀ ಧಾರವಾಡ ಜಿಲ್ಲೆಯಲ್ಲಿ ಇರಲಿಕ್ಕಿಲ್ಲ.

"ನೀವೂ ಒಂದು ಮಾತು ಅಂದು ಮುಗಸ್ರಿ ಅತ್ತಿ, ಮಂದಿ ಏನೇನೋ ಮಾತಾಡ್ತಾರ" ಎಂದು ಅವ್ವ ಬೇಡಿಕೊಳ್ಳುತ್ತಿದ್ದಳು.

"ಬಾಯಿ ಅಂದೀತು, ಒಳಗಿನದು ಒಲ್ಲೆ ಅಂತೈತಿ. ಸುಳ್ಳು ಹೇಳಿದ ಬಾಯಿಲೆ ಆ ಪಾತ್ರೆ ಹೆಂಗ ಮುಟ್ಟಲಿ?" ಎಂದು ಆಯಿ ಸೀರೆಯ ನೆರಿಗೆ ತೀಡುತ್ತಿದ್ದಳು. ಆ ಬಿಳಿ ಸೀರೆಯೊಳಗೆ ಎಷ್ಟು ಹಸಿವಿತ್ತೆಂದು ನನಗೆ ಆಗ ತಿಳಿಯಲಿಲ್ಲ.

ಒಂದು ಚಳಿಗಾಲ ಆಯಿ ಹಾಸಿಗೆ ಹಿಡಿದಳು. ಡಾಕ್ಟರು ತಲೆಯಾಡಿಸಿ ಹೋದ ಮೇಲೆ ಪಾದ್ರಿಗಳು ರೊಟ್ಟಿ, ಪಾತ್ರೆ ಹಿಡಿದು ಮನೆಗೇ ಬಂದರು. ಆಯಿ ಮಂಚದ ಮೇಲಿಂದಲೇ ಅವರನ್ನು ಬಾಗಿಲಲ್ಲಿ ತಡೆದು, "ಮದಲ ಮಾರ್ಥಾನ್ನ ಕರೀರಿ" ಅಂದಳು. ಅಪ್ಪ ಓಡಿದ. ಸಣ್ಣಾಯಿ ಹಿಟ್ಟಿನ ಕೈಯಲ್ಲೇ ಬಂದು ಮಂಚದ ಹತ್ತಿರ ನಿಂತಳು.

"ಎಲ್ಲಾರ ಮುಂದ ನನಗ ಕಲ್ಲು ಅಂದೀ."

"ಅಂದೆ! ಗಂಡನ ಪೆಟ್ಟಿಗಿ ಮುಂದಿಟಗೊಂಡು ಒಂದು ಹನಿ ಕಣ್ಣೀರು ಹಾಕಲಿಲ್ಲ ನೀನು. ಬಂದವರಿಗೆ ಚಾಪಿ ಹಾಸಾಕತ್ತಿದ್ದಿ!"

"ಅಳಾಕ ಕುಂತಿದ್ದರ ಮತ್ತ ಏಳತಿದ್ದಿಲ್ಲ, ಮಾರ್ಥಾ. ಮೂರು ಕೂಸು ಹಸದಿದ್ದವು."

ಪಾದ್ರಿಗಳು ಮೆಲ್ಲಗೆ ಕೆಮ್ಮಿದರು. ಆಯಿ ಅವರತ್ತ ಕೈ ಎತ್ತಿ, "ತಡೀರಿ ಅಯ್ಯನವರ, ಇನ್ನೂ ಸ್ವಲ್ಪ ಉಳದೈತಿ" ಎಂದಳು. ಅಪ್ಪನ ಮೀಸೆ ಕೂಡ ನಗು ತಡೆಯಲಾರದೆ ಅಲುಗಿತು.

"ನನಗರ ಹೇಳಬೇಕಿಲ್ಲೇನಕ್ಕಾ?" ಸಣ್ಣಾಯಿಯ ದನಿ ಕುಸಿದಿತ್ತು.

"ನೀ ಬರತೀ ಅಂತ ಬಾಗಲಾ ನೋಡಿದೆ. ಭಾಳ ವರ್ಷ ನೋಡಿದೆ."

ಸಣ್ಣಾಯಿ ಹಿಟ್ಟಿನ ಕೈಯಿಂದಲೇ ಅಕ್ಕನ ಮುಖ ಹಿಡಿದಳು. ಆಯಿ ಅತ್ತಳು, ಅಜ್ಜನಿಗಾಗಿ, ಅಷ್ಟು ವರ್ಷಗಳ ಮೇಲೆ, ಬಾಯಿ ತೆರೆದು, ಕೂಸಿನ ಹಾಗೆ. ಕೆನ್ನೆಯ ಹಿಟ್ಟು ಒದ್ದೆಯಾಗಿ ಇಳಿಯಿತು. ಮುಖ ಒರೆಸಲು ಅವ್ವ ಬಟ್ಟೆ ತಂದರೆ "ಬ್ಯಾಡ, ಇರಲಿ" ಎಂದು, ಅದೇ ಮುಖದಲ್ಲಿ, ಮಾಸಿದ ಸೀರೆಯಲ್ಲಿ, ಪಾತ್ರೆಗೆ ತುಟಿ ಹಚ್ಚಿದಳು.

ಆಮೇಲೆ ಆಯಿ ಉಳಿದದ್ದು ಕೆಲವೇ ದಿನ. ಅಷ್ಟೂ ದಿನ ಅಕ್ಕತಂಗಿಯರು ಉಪ್ಪಿನಬೆಟಗೇರಿಯ ತವರುಮನೆಯ ಬಾವಿ ಯಾವ ದಿಕ್ಕಿಗಿತ್ತೆಂದು ಜಗಳವಾಡಿದರು. ಮಣ್ಣಾದ ಮೇಲೂ ಸಣ್ಣಾಯಿ ದಿನಾ ಮಧ್ಯಾಹ್ನ ಬಂದು ಆ ಖಾಲಿ ಮಂಚದ ಪಕ್ಕ ಕೂರುತ್ತಿದ್ದಳು. "ಬಾವಿ ಮೂಡಲಕ್ಕ ಇತ್ತಕ್ಕಾ" ಎಂದು ಹೇಳಿ, ಸುಮ್ಮನಾಗಿ, ಆಯಿ ಮಾತು ಮುಗಿಸಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾಯುತ್ತಿದ್ದಳು.