ಮಗ್ಗ ನಿಲ್ಲಿಸಿದ ಮಧ್ಯಾಹ್ನ

ಕಾಕಾನ ಎರಡನೆಯ ರೆಕಾರ್ಡು ಬರಲಿಲ್ಲ, ಏಕೆಂದರೆ ಅವನ ಕೈ ಸೋತಿತು. ನಮ್ಮ ಮನೆಯವರೆಲ್ಲ ಹೇಳುವುದು ಇಷ್ಟೇ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಮೊದಲ ವಾಕ್ಯವನ್ನೇ ಹಿಡಿದು ಜಗ್ಗುವ ಚಟ ನನಗೆ. ಸೋತದ್ದು ಕೈಯೇ ಎಂದು ತೀರ್ಮಾನಿಸಿದವರು ಯಾರು?

ಮೊನ್ನೆ ನಮ್ಮ ಇಚಲಕರಂಜಿಯಲ್ಲಿ ಕರೆಂಟು ಹೋಗಿ ಊರಿನ ಮಗ್ಗಗಳೆಲ್ಲ ನಿಂತವು. ಬೇರೆ ಊರಲ್ಲಿ ಸದ್ದಾದರೆ ಜನ ಬೆಚ್ಚುತ್ತಾರೆ. ನಮ್ಮಲ್ಲಿ ಮಗ್ಗದ ಸದ್ದು ನಿಂತರೆ. ಆ ಮೌನ ನನ್ನನ್ನು ಹತ್ತು ವರ್ಷ ಹಿಂದಕ್ಕೆ ಒಯ್ದಿತು.

ಕಾಕಾ ಪಿಟೀಲಿನಲ್ಲಿ ನಮ್ಮ ರಾಗಕ್ಕೂ ಜಾಝಿಗೂ ನಂಟು ಬೆಳೆಸಿದವನು. “ಮದುವೀಗೂ ಬರೂದಿಲ್ಲ, ಭಜನೀಗೂ ಬರೂದಿಲ್ಲ, ಇದೆಂಥಾ ಸಂಗೀತೋ ತಮ್ಮಾ?” ಎಂದು ಅಪ್ಪ ನಗುತ್ತಿದ್ದ. ಆದರೂ ಮುಂಬೈಯಲ್ಲಿ ಡ್ರಮ್ಮು, ಗಿಟಾರಿನವರ ಜೊತೆ ಮೊದಲ ರೆಕಾರ್ಡು ಬಂದಾಗ ಓಣಿಗೆಲ್ಲ ಪೇಢೆ ಹಂಚಿದವನೂ ಅಪ್ಪನೇ. ಎರಡನೆಯದಕ್ಕೆ ಕಂಪನಿ ಮೊದಲು ಒಂದು ನಮೂನೆ ಟೇಪು ಕೇಳಿತು. ಅದು ಹಿಡಿಸಿದರೆ ಮಾತ್ರ ಮುಂದಿನ ಮಾತು.

ನಮ್ಮ ಮಗ್ಗದ ಶೆಡ್ಡಿನ ಹಿಂದಿನ ಕೋಣೆಯಲ್ಲಿ, ಆ ಸದ್ದಿನ ನಡುವೆಯೇ ಕಾಕಾ ಹೊಸ ರಚನೆ ಕಟ್ಟಿದ್ದ. ಕೊಲ್ಹಾಪುರದಿಂದ ಟೇಪ್‌ರೆಕಾರ್ಡರ್ ಬಂದ ದಿನ ಅಪ್ಪ ಎದ್ದು ನಿಂತು, “ನಮ್ಮ ತಮ್ಮ ಬಾರಸಾಂವ ಅದಾನ, ಎಲ್ಲಾ ಬಂದ್ ಮಾಡ್ರಿ!” ಎಂದ. ನಡು ಪಾಳಿಯಲ್ಲಿ ಇಪ್ಪತ್ತನಾಲ್ಕು ಮಗ್ಗ ನಿಂತವು. ಅಂಥ ಮರ್ಯಾದೆ ನಮ್ಮೂರಲ್ಲಿ ಯಾರಿಗೂ ಸಿಕ್ಕಿದ್ದಿಲ್ಲ. ನೇಕಾರರು ಕೈ ಒರೆಸಿಕೊಂಡು ಬಾಗಿಲಲ್ಲಿ ನಿಂತರು. ಕಾಕಾ ಬಾರಿಸಿದ, ಲಯ ಒಮ್ಮೆ ಎಳೆಯಿತು, ಒಮ್ಮೆ ಓಡಿತು. ಮೂರು ಸಲವೂ ಹಾಗೆಯೇ. ಟೇಪು ಮುಂಬೈಗೆ ಹೋಗಿ ಅಂಚೆಯಲ್ಲಿ ವಾಪಸು ಬಂತು. ಕಾಕಾ ಗಡಹಿಂಗ್ಲಜದಲ್ಲಿ ಮಕ್ಕಳಿಗೆ ಪಿಟೀಲು ಕಲಿಸುತ್ತ ಉಳಿದ.

ಕರೆಂಟು ಬಂದ ಮೇಲೆ ಟ್ರಂಕಿನಿಂದ ಆ ಟೇಪು ತೆಗೆದು ಕೊನೆಯವರೆಗೂ ಕೇಳಿದೆ. ಕಂಪನಿಯವರು ಅಷ್ಟು ತಾಳಿರಲಿಕ್ಕಿಲ್ಲ. ಮೂರನೆಯ ಸೋಲಿನ ನಂತರ ಅಪ್ಪನ ದನಿ: “ಸಾಕು ಬಿಡು. ಚಾಲೂ ಮಾಡ್ರಪಾ.” ಟೇಪು ನಿಲ್ಲಿಸಲು ಮರೆತಿದ್ದಾರೆ. ಒಂದು ಮಗ್ಗ, ಇನ್ನೊಂದು, ಆಮೇಲೆ ಎಲ್ಲವೂ. ಅದರೊಳಗಿಂದ ಪಿಟೀಲು ಎದ್ದಿತು ನೋಡಿ! ಒಂದು ಕೂದಲೆಳೆ ತಪ್ಪದ ಲಯ. ಒಂದೇ ನಿಮಿಷ, ಟೇಪು ಮುಗಿದಿತ್ತು.

ಸೋತದ್ದು ಕೈಯಲ್ಲ ಎಂಬುದಕ್ಕೆ ಸಾಕ್ಷಿ ಸಿಕ್ಕಿತ್ತು. ಭಾನುವಾರ ಅಪ್ಪನ ಜೊತೆ ಗಡಹಿಂಗ್ಲಜಕ್ಕೆ ಹೋದೆ. ಚಹಾ ಕುಡಿಯುತ್ತ ಅಪ್ಪ ಎಂದಿನಂತೆ, “ಅವತ್ತ ನಿನ್ನ ಸಲುವಾಗಿ ಸೂಜಿ ಬಿದ್ರೂ ಕೇಳೂಹಂಗ ಮಾಡಿದ್ನಿ, ಹೌದಿಲ್ಲೋ?” ಎಂದ.

“ಹೌದಣ್ಣಾ,” ಎಂದ ಕಾಕಾ. “ಭಾಳ ಶಾಂತ ಇತ್ತು.”

ಅಪ್ಪನ ಮುಖ ಅರಳಿತು. ಗೆಲ್ಲುವ ವಾದ ನನ್ನ ನಾಲಿಗೆಯ ಮೇಲಿತ್ತು. ಮೊದಲ ಬಾರಿಗೆ ನುಂಗಿಕೊಂಡೆ. ಚಹಾದ ಮೇಲೆ ಹಾಕಿಕೊಂಡ ಎಲೆಯಡಿಕೆ ಉಗುಳಲು ಅಪ್ಪ ಅಂಗಳಕ್ಕೆ ಹೋದಾಗಲಷ್ಟೇ, ಪಿಟೀಲಿನ ಕಮಾನಿಗೆ ರಾಳ ತಿಕ್ಕುತ್ತಿದ್ದ ಕಾಕಾನ ಹತ್ತಿರ ಸರಿದು ಮೆಲ್ಲಗೆ ಕೇಳಿದೆ:

“ಮಗ್ಗ ನಿಂದರಸಬ್ಯಾಡ ಅಂತ ಅಪ್ಪಗ ಒಂದ ಮಾತು ಯಾಕ ಹೇಳಲಿಲ್ಲರಿ, ಕಾಕಾ?”