ಚಪ್ಪಾಳೆ ಬಿತ್ತು, ಪಂಪು ಬರಲಿಲ್ಲ

ಎರಡು ತಿಂಗಳ ಹಿಂದೆ ನಮ್ಮ ನಗರಸಭೆಯಲ್ಲಿ ನಾನು ಬರೆದುಕೊಟ್ಟ ಭಾಷಣಕ್ಕೆ ಸದಸ್ಯರೆಲ್ಲ ಚಪ್ಪಾಳೆ ತಟ್ಟಿ, ಅದೂ ಸಾಲದೆಂದು ಮೇಜು ಕುಟ್ಟಿದರು. ಚೇರ್ಮನ್ನರು ಕನ್ನಡಕ ತೆಗೆದು ಒರೆಸಿಕೊಂಡರು. ಗ್ಯಾಲರಿಯಲ್ಲಿ ಕೂತಿದ್ದ ನಾನು (ಗ್ಯಾಲರಿ ಎಂದರೆ ಗೋಡೆಗೆ ತಾಗಿಸಿ ಹಾಕಿದ ಎರಡು ಬೆಂಚು) ಒಂದು ಗೇಣು ಎತ್ತರವಾದೆ.

ಆ ಭಾಷಣದ ಫಲವಾಗಿ ನಮ್ಮ ಬೀದಿಗೆ ಬರಬೇಕಿದ್ದ ಕೈಪಂಪು ಬರಲಿಲ್ಲ.

ಹೇಳಲು ನಾಚಿಕೆ. ಆದರೂ ಹೇಳುತ್ತೇನೆ. ವಾರವಾರ ಈ ಪುಟದಲ್ಲಿ ಊರವರನ್ನೆಲ್ಲ ತರಾಟೆಗೆ ತೆಗೆದುಕೊಳ್ಳುವವಳು ಒಮ್ಮೆಯಾದರೂ ತಾನೇ ಕಟಕಟೆ ಹತ್ತಬೇಡವೇ?

ನಾವಿರುವುದು ಮದರಾಸಿನ ದಕ್ಷಿಣಕ್ಕೆ, ತಾಂಬರಂ ಲೈನಿನ ಎಲೆಕ್ಟ್ರಿಕ್ ಟ್ರೈನು ನಿಲ್ಲುವ ಒಂದು ಪುಟ್ಟ ಊರಿನಲ್ಲಿ. ನಮ್ಮ ಬೀದಿಯ ಬಾವಿಗಳದೆಲ್ಲ ಉಪ್ಪುನೀರು. ಅದರಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬಿಡುವುದಿಲ್ಲ. ಕುಡಿಯುವ ನೀರು ಬೇಕೆಂದರೆ ಟ್ರಂಕ್ ರೋಡು ದಾಟಿ ಆಚೆ ಬದಿಯ ಕೈಪಂಪಿಗೆ ಹೋಗಬೇಕು. ಆ ರಸ್ತೆಯಲ್ಲಿ ಲಾರಿಗಳು ಯಾವ ವೇಗದಲ್ಲಿ ಬರುತ್ತವೆ ಎಂಬುದು ದಾಟಿದವರಿಗೇ ಗೊತ್ತು.

ಅಮ್ಮನ ಮಂಡಿ ಹೋಗಿ ನಾಲ್ಕು ವರ್ಷವಾಯಿತು. ಅಣ್ಣ ಅಂಬತ್ತೂರಿನ ಫ್ಯಾಕ್ಟರಿಗೆ ಬೆಳಕು ಹರಿಯುವ ಮೊದಲೇ ಹೊರಡುತ್ತಾನೆ. ನಾನು ಇನ್ಶೂರೆನ್ಸ್ ಆಫೀಸಿಗೆ ಹೊರಡುವ ಮುನ್ನ ನಾಲ್ಕು ಕೊಡ ತಂದಿಡುತ್ತೇನೆ. ಅದು ಮಧ್ಯಾಹ್ನಕ್ಕೆ ಖಾಲಿ. ಆಮೇಲೆ ಹೋಗುವವಳು ಅತ್ತಿಗೆ ಸುಮಿತ್ರ, ಧಾರವಾಡದವಳು, ಆಗ ಆರು ತಿಂಗಳ ಬಸುರಿ. ಬೇಡವೆಂದರೆ ಕೇಳುವುದಿಲ್ಲ. "ಒಂದ ಒಂದು ಕೊಡ ತರ್ತೀನಿ ಬಿಡ್ರಿ, ಅಷ್ಟಕ್ಕ ಏನಾಗ್ತದ?" ಎಂದು ಪ್ಲಾಸ್ಟಿಕ್ ಕೊಡ ಹಿಡಿದು ಹೊರಟೇಬಿಡುತ್ತಾಳೆ.

ಇದು ಹಿನ್ನೆಲೆ. ಈಗ ಶ್ರೀಧರನಿಗೆ ಬರೋಣ. ಬರಲು ನನಗೆ ಇಷ್ಟವಿಲ್ಲ. ಆದರೆ ಅವನಿಲ್ಲದೆ ಕಥೆ ನಡೆಯುವುದಿಲ್ಲ.

ಶ್ರೀಧರ ನನ್ನ ಕಾಲೇಜಿನವನು. ಮೂರು ವರ್ಷ ನಾನು ಚರ್ಚಾಸ್ಪರ್ಧೆಗಳಲ್ಲಿ ಕಪ್ಪು ಗೆದ್ದೆ. ಆ ಮೂರೂ ವರ್ಷ ಶ್ರೀಧರ ಏನು ಮಾಡುತ್ತಿದ್ದ ಗೊತ್ತೇ? ವಾಚು ನೋಡಿಕೊಂಡು ಬೆಲ್ ಹೊಡೆಯುತ್ತಿದ್ದ. ನಾಲ್ಕು ನಿಮಿಷಕ್ಕೆ ಒಂದು, ಐದಕ್ಕೆ ಎರಡು. ವೇದಿಕೆಯ ಮೇಲೆ ಅವನ ಒಟ್ಟು ವಾಕ್ಚಾತುರ್ಯ ಅಷ್ಟು.

ಎಷ್ಟೋ ವರ್ಷ ಆಫೀಸರುಗಳ ಕೈಯಲ್ಲಿದ್ದ ನಮ್ಮ ನಗರಸಭೆಗೆ ಕೊನೆಗೂ ಚುನಾವಣೆ ನಡೆದಾಗ, ನಮ್ಮ ವಾರ್ಡಿನಿಂದ ಗೆದ್ದವನು ಈ ಶ್ರೀಧರ. ಬೆಲ್ ಹೊಡೆಯುವವನು ಕೌನ್ಸಿಲರ್! ಕಪ್ಪು ಗೆದ್ದವಳು ಪಾಲಿಸಿ ಫಾರಂ ತುಂಬುವ ಗುಮಾಸ್ತೆ!

ನನಗೆ ಹೊಟ್ಟೆಕಿಚ್ಚಾಯಿತೇ? ಆಯಿತು. ಸಣ್ಣಪುಟ್ಟದ್ದಲ್ಲ. ಅವನು ಮನೆಗೆ ಬಂದರೆ ಅಮ್ಮ ಕುರ್ಚಿಯನ್ನು ಫ್ಯಾನಿನ ಕೆಳಗೆ ಎಳೆಯುತ್ತಿದ್ದಳು. "ಬಾಪ್ಪಾ ಶ್ರೀಧರ, ಕೂತ್ಕೋ. ಎಷ್ಟು ಸೊರಗಿದೀಯ!" ಎಂದು ತಟ್ಟೆಯಲ್ಲಿ ಎರಡು ವಡೆ. ನಾನು ಆಫೀಸಿನಿಂದ ಬೆವರಿ ಬಂದರೆ ಅದೇ ಅಮ್ಮ, "ಟ್ರೈನು ಲೇಟಾ?" ಅನ್ನುತ್ತಾಳೆ. ಮುಗಿಯಿತು. ನಾನು ಸೊರಗಿದ್ದು ಯಾರಿಗೂ ಕಾಣುವುದಿಲ್ಲ.

ಸರಿ, ಕೌನ್ಸಿಲರ್ ಆದವನು ಏನು ಕಡಿದು ಕಟ್ಟೆ ಹಾಕುತ್ತಾನೆ ನೋಡೋಣವೆಂದು ನಾನು ಅರ್ಧ ದಿನ ರಜೆ ಹಾಕಿ ಗ್ಯಾಲರಿಯಲ್ಲಿ ಕೂರತೊಡಗಿದೆ. ಸತತ ಮೂರು ಸಭೆ. ಶ್ರೀಧರ ಒಂದೇ ಒಂದು ಮಾತಾಡಲಿಲ್ಲ.

ಅವನೊಬ್ಬನೇ ಅಲ್ಲ ಬಿಡಿ, ಆ ಸಭೆಯ ರೀತಿಯೇ ಹಾಗೆ. ಗುಮಾಸ್ತರು ವಿಷಯಗಳ ನಂಬರುಗಳನ್ನು ಒಂದೇ ಉಸಿರಿನಲ್ಲಿ ಓದುತ್ತಾರೆ. ಚೇರ್ಮನ್ನರು ತಲೆಯೆತ್ತದೆ, "ಆಲ್ ಪಾಸ್?" ಎನ್ನುತ್ತಾರೆ. ಸದಸ್ಯರೆಲ್ಲ, "ಆಲ್ ಪಾಸ್!" ಮೂವತ್ತೋ ನಲವತ್ತೋ ವಿಷಯ ಒಟ್ಟಿಗೆ ಪಾಸು. ಅಷ್ಟರಲ್ಲಿ ಟೀ ಬರುತ್ತದೆ. ಪ್ರಜಾಪ್ರಭುತ್ವ ಎಂದರೆ ಇದೇನಾ? ಚರ್ಚೆ ಬೇಡವೇ? ಪರ, ವಿರೋಧ, ಖಂಡನೆ, ಪ್ರತಿಖಂಡನೆ?

ಹೊರಗೆ ಬಂದವನನ್ನು ಮೆಟ್ಟಿಲ ಮೇಲೇ ಹಿಡಿದೆ. "ಏನಪ್ಪಾ ಕೌನ್ಸಿಲರ್, ನಾಲಿಗೆ ಮನೇಲಿ ಬಿಟ್ಟು ಬಂದಿದ್ಯಾ?"

"ವಿಡು ವಸುಧಾ. ಪೇಸಿ ಏನ್ ಆಗ್ಬೇಕು?" ಎಂದು ನಕ್ಕ. (ಮೂರು ತಲೆಮಾರಿನಿಂದ ಇಲ್ಲೇ ಇರುವ ಮನೆತನ. ಅವನ ಅರ್ಧ ವಾಕ್ಯ ತಮಿಳಿನಲ್ಲೇ ಹೋಗುತ್ತದೆ. 'ಬಿಡು, ಮಾತಾಡಿ ಏನಾಗಬೇಕು' ಅಂತ.)

ಮಾತಾಡಿ ಏನಾಗಬೇಕು ಅಂತ ನನ್ನನ್ನು ಕೇಳುತ್ತಾನೆ! ತೋರಿಸುತ್ತೇನೆ ಇರು, ಅಂದುಕೊಂಡೆ.

ಮುಂದಿನ ಸಭೆಗೆ ಹತ್ತು ದಿನ ಇರುವಾಗ ಕೈಪಂಪಿನ ಬಗ್ಗೆ ಒಂದು ಭಾಷಣ ಬರೆದೆ, ತಮಿಳಿನಲ್ಲಿ. (ಓದಿದ್ದೆಲ್ಲ ಇಲ್ಲೇ. ಕನ್ನಡ ಅಪ್ಪ ಕಲಿಸಿದ್ದು.) ಗ್ಯಾಲರಿಯವರು ಬಾಯಿ ಬಿಡುವ ಹಾಗಿಲ್ಲ, ಹಾಗಾಗಿ ಯಾರಾದರೂ ಸದಸ್ಯರೇ ಓದಬೇಕು. ನ್ಯಾಯವಾಗಿ ಅದನ್ನು ಕೊಡಬೇಕಾದದ್ದು ನಮ್ಮ ವಾರ್ಡಿನ ಸದಸ್ಯನಿಗೆ. ಕೊಟ್ಟೆನೇ? ನನ್ನ ಮಾತಿಗೆ ಶ್ರೀಧರನಿಗೆ ಚಪ್ಪಾಳೆ ಬೀಳುವುದೆಂದರೆ! ಪಕ್ಕದ ವಾರ್ಡಿನ ರಿಟೈರ್ಡ್ ಹೆಡ್‌ಮಾಸ್ಟರಿಗೆ ಕೊಟ್ಟೆ. ಅವರಿಗೆ ಕಂಚಿನ ಕಂಠ, ಕೆಲಸ ಕಡಿಮೆ.

ಆ ವಾರ ಅಮ್ಮ ಎರಡು ಸಲ, "ಶ್ರೀಧರ ಬಂದಿದ್ದ ಕಣೇ, ಪಂಪಿನ ವಿಷಯ ಏನೋ..." ಎಂದು ಶುರು ಮಾಡಿದಳು. ಎರಡು ಸಲವೂ ನಾನು, "ಅವನ ಪುರಾಣ ನನಗೆ ಬೇಡ" ಎಂದು ಎದ್ದುಹೋದೆ.

ಸಭೆಯ ದಿನ ಗುಮಾಸ್ತರು ಓದುತ್ತ ಓದುತ್ತ ಇಪ್ಪತ್ತಮೂರನೇ ವಿಷಯಕ್ಕೆ ಬಂದಾಗ, ಸದಸ್ಯರಿಗೆ ಮಾತ್ರ ಕೊಡುವ ಲಿಸ್ಟು ನೋಡಿಕೊಂಡು ಹೆಡ್‌ಮಾಸ್ಟರು ಎದ್ದು ನಿಂತರು. ಮೊದಲನೆಯದಾಗಿ, ನೀರು ಭಿಕ್ಷೆಯಲ್ಲ, ಹಕ್ಕು. ಎರಡನೆಯದಾಗಿ, ಬಸುರಿ ಹೆಂಗಸು ಕೊಡ ಹೊತ್ತು ಲಾರಿಗಳ ನಡುವೆ ಓಡುವ ಊರು ಊರೇ? ಕೊನೆಯದಾಗಿ... ಕೊನೆಯದು ಏನೆಂದು ಯಾರಿಗೂ ಕೇಳಿಸಲಿಲ್ಲ, ಅಷ್ಟು ಸದ್ದು.

ಆಮೇಲೆ ನಾನು ಎಣಿಸಿರದ ಒಂದು ಕೆಲಸ ನಡೆಯಿತು. ಇನ್ನೊಬ್ಬರು ಎದ್ದರು. "ನಮ್ಮ ಬೀದಿ ಹೆಂಗಸರು ಹೆಂಗಸರಲ್ವಾ? ನಮಗೂ ಪಂಪು ಬೇಕು." ಮತ್ತೊಬ್ಬರು ಎದ್ದರು. ಐದನೆಯವರು ಏಳುವ ಹೊತ್ತಿಗೆ ಚೇರ್ಮನ್ನರು ಕೈಯೆತ್ತಿ ಗಂಭೀರವಾಗಿ ಹೇಳಿದರು: "ಇಷ್ಟು ಮುಖ್ಯವಾದ ವಿಷಯವನ್ನು ಅವಸರದಲ್ಲಿ ಪಾಸು ಮಾಡುವುದು ಸರಿಯಲ್ಲ. ಇಪ್ಪತ್ತಮೂರನ್ನು ಮುಂದಕ್ಕೆ ಹಾಕಿದೆ. ಮಿಕ್ಕಿದ್ದು ಆಲ್ ಪಾಸ್?"

ಆಲ್ ಪಾಸ್.

ಶ್ರೀಧರ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಿದ್ದ. ಆಗಲೂ ನನಗೆ ಅರ್ಥವಾಗಲಿಲ್ಲ. ಹೊಟ್ಟೆಕಿಚ್ಚಿನಲ್ಲಿ ತಲೆ ಹಿಡಿದುಕೊಂಡಿದ್ದಾನೆ ಅಂದುಕೊಂಡೆ. (ನಮ್ಮಲ್ಲಿ ಇರುವುದೇ ಎಲ್ಲರಲ್ಲೂ ಕಾಣುತ್ತದೆ.)

ಮನೆಗೆ ಬಂದು ಭಾಷಣ, ಚಪ್ಪಾಳೆ, ಮೇಜು ಎಲ್ಲವನ್ನೂ ವರ್ಣಿಸಿದೆ. ಅತ್ತಿಗೆ ಅಕ್ಕಿ ಆರಿಸುತ್ತ ಕೊನೆಯವರೆಗೂ ಕೇಳಿದಳು. "ಅಂದ್ರ ಪಂಪ್ ಬರ್ತದೋ ಇಲ್ಲೋ, ಅಷ್ಟ ಹೇಳು."

ಆಗ ಅಮ್ಮ ಬಾಯಿ ಬಿಟ್ಟಳು. "ಇಪ್ಪತ್ತಮೂರನೇದೇ ನಮ್ಮ ಪಂಪು ಕಣೇ. ಎರಡು ತಿಂಗಳಿಂದ ಆ ಹುಡುಗ ಇಂಜಿನಿಯರ ಹಿಂದೆ ಅಲೆದು, ಸಿಹಿನೀರು ಎಲ್ಲಿ ಸಿಗತ್ತೆ ಅಂತ ಜಾಗ ನೋಡಿಸಿ, ಲಿಸ್ಟಿಗೆ ಸೇರಿಸಿದ್ದ. ಈ ಸಭೇಲಿ ತಾನಾಗೇ ಪಾಸಾಗತ್ತೆ ಅಂತ ನನಗೆ ಹೇಳಿ ಹೋದ. ನೀನು ಕೇಳಿಸ್ಕೊಂಡ್ಯಾ?"

ಅತ್ತಿಗೆ ಮೊರ ಕೆಳಗಿಟ್ಟು ಒಳಗೆ ಹೋದಳು. ಬೈದಿದ್ದರೆ ಉತ್ತರ ಕೊಡುತ್ತಿದ್ದೆ.

ಹನ್ನೆರಡು ದಿನಗಳ ನಂತರ, ಶನಿವಾರ, ನಾನು ಆಫೀಸಿನಿಂದ ಬರುವಾಗ ಅತ್ತಿಗೆ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು. ಸೀರೆಯ ಅಂಚೆಲ್ಲ ಒದ್ದೆ. ಕೈ ಖಾಲಿ. ರಸ್ತೆ ದಾಟುವಾಗ ಲಾರಿಯೊಂದು ಬ್ರೇಕು ಹಾಕಿ ಅಡ್ಡಡ್ಡ ಬಂದಿತ್ತಂತೆ. ಇವಳು ಕೊಡ ಬಿಟ್ಟು ಹಿಂದಕ್ಕೆ ಹಾರಿದ್ದಾಳೆ. ಕೊಡ ಚಕ್ರದ ಕೆಳಗೆ.

"ಕೊಡ ಹೋತು," ಅಂದಳು. "ನಾ ಉಳದೆ."

ಅವಳ ಕೈ ಹೊಟ್ಟೆಯ ಮೇಲಿತ್ತು. ನಾನು ಚಪ್ಪಲಿಯನ್ನೂ ಬಿಡದೆ ಹಾಗೇ ತಿರುಗಿ ಶ್ರೀಧರನ ಮನೆಗೆ ಹೋದೆ.

ಅವನು ನೆಲದ ಮೇಲೆ ವಾರ್ಡಿನ ನಕ್ಷೆ ಹರಡಿಕೊಂಡು ಕೂತಿದ್ದ. ನಿಂತೇ ಹೇಳಿದೆ. "ಆ ಭಾಷಣ ಬರೆದದ್ದು ನಾನು."

"ಗೊತ್ತು," ಅಂದ. "ಮೂರು ವರ್ಷ ನಿನ್ನ ಮಾತಿಗೆ ಟೈಮ್ ನೋಡಿದೀನಿ. ಆ ವಾದ್ಯಾರು, ನಿನ್ನ ಹೆಡ್‌ಮಾಸ್ಟರು, ಯಾವತ್ತು 'ಮೊದಲನೆಯದಾಗಿ, ಎರಡನೆಯದಾಗಿ' ಅಂತ ಪೇಸಿದಾರೆ?"

"ಮತ್ತೆ ಯಾಕೆ ಬಂದು ಬೈಲಿಲ್ಲ?"

"ಬೈದು ಏನ್ ಪಣ್ಣೋದು? ಬಾ, ಕೂತ್ಕೋ. ಇಲ್ಲಿ ರೂಲ್ ಒಂದೇ ವಸುಧಾ. ಯಾರೂ ಬಾಯಿ ಬಿಡದ ವಿಷಯ ಪಾಸು. ಒಬ್ರು ಬಿಟ್ರೆ ನಾಲ್ಕು ಜನ ಬಿಡ್ತಾರೆ. ನಾಲ್ಕು ಜನ ಬಿಟ್ರೆ ಚೇರ್ಮನ್ ಮುಂದಕ್ಕೆ ಹಾಕ್ತಾರೆ. ಮುಂದಿನ ಸಭೆ ಲಿಸ್ಟಲ್ಲಿ ಮತ್ತೆ ಹಾಕಿಸಿದೀನಿ. ಒಂದೇ ತೊಂದರೆ, ವಾದ್ಯಾರು."

"ಏನಾಯ್ತು ಅವರಿಗೆ?"

"ಚಪ್ಪಾಳೆ ರುಚಿ ಹತ್ತಿದೆ. ಎರಡನೇ ಭಾಷಣ ರೆಡಿ ಮಾಡ್ತಿದಾರೆ. ಎಂಟು ಪೇಜು."

ಮರುದಿನ ಬೆಳಗ್ಗೆಯೇ ಹೆಡ್‌ಮಾಸ್ಟರ ಮನೆಗೆ ಓಡಿದೆ. ಅವರು ಎಂಟು ಪುಟವನ್ನೂ ನನ್ನ ಕೈಗಿತ್ತು, "ತಪ್ಪಿದ್ದರೆ ತಿದ್ದಮ್ಮಾ" ಅಂದರು. ಇಪ್ಪತ್ತು ನಿಮಿಷ ವಾದಿಸಿದೆ. ದಯವಿಟ್ಟು ಈ ಸಲ ಮಾತಾಡಬೇಡಿ, ಯಾಕೆಂದರೆ ಮೊದಲನೆಯದಾಗಿ... ಅವರು ಮೆಚ್ಚಿ ತಲೆದೂಗಿದರು. "ಎಷ್ಟು ಚೆನ್ನಾಗಿ ಹೇಳ್ತೀಯ ತಾಯಿ! ಇದನ್ನೂ ಸೇರಿಸಿಬಿಡೋಣ."

ಕಪ್ಪು ಗೆದ್ದವಳ ಗತಿ ನೋಡಿ. ಜೀವಮಾನದಲ್ಲಿ ನಿಜವಾಗಿ ಗೆಲ್ಲಬೇಕಾಗಿದ್ದ ಒಂದೇ ವಾದವನ್ನು ಸೋತೆ.

ಕೊನೆಗೆ ವಾದ ಬಿಟ್ಟೆ. "ಸಾರ್, ನೀರಿನ ವಿಷಯ ಹಳೆಯದಾಯಿತು. ನಿಮ್ಮಂಥವರು ದೊಡ್ಡದು ಹಿಡಿಯಬೇಕು. ನಮ್ಮ ಊರಿಗೆ ಒಂದು ಗಡಿಯಾರ ಗೋಪುರ ಬೇಡವೇ? ನಾನು ಬರೆದುಕೊಡುತ್ತೇನೆ" ಅಂದೆ. ಅವರ ಕಣ್ಣು ಹೊಳೆಯಿತು. ಎರಡು ದಿನ ಕೂತು ಬರೆದೆ. ನನ್ನ ಆಣೆಗೂ ಹೇಳುತ್ತೇನೆ, ಇಲ್ಲಿಯವರೆಗೆ ನಾನು ಬರೆದದ್ದರಲ್ಲೆಲ್ಲ ಉತ್ತಮ ಭಾಷಣ ಅದು.

ಸಭೆ ಸೇರಿತು. ಗುಮಾಸ್ತರು ಓದಿದರು. ಕೈಪಂಪು ಒಂಬತ್ತನೇ ನಂಬರು. ಹೆಡ್‌ಮಾಸ್ಟರು ತಮ್ಮ ಕಾಗದದಲ್ಲಿ ಗೋಪುರದ ಸಾಲುಗಳನ್ನು ತುಟಿಯಲ್ಲೇ ಉರು ಹೊಡೆಯುತ್ತಿದ್ದರು, ತಲೆಯೆತ್ತಲಿಲ್ಲ. ಶ್ರೀಧರ ಕಿಟಕಿಯ ಹೊರಗೆ ನೋಡುತ್ತಿದ್ದ. ನಾನು ಬೆಂಚಿನ ಅಂಚು ಹಿಡಿದು ಉಸಿರು ಬಿಗಿಹಿಡಿದೆ. ಆಲ್ ಪಾಸ್? ಆಲ್ ಪಾಸ್! ಆಮೇಲೆ ಎದ್ದರು ನೋಡಿ ಹೆಡ್‌ಮಾಸ್ಟರು. ಮೇಜುಗಳು ಮತ್ತೆ ಮೊಳಗಿದವು. ಗಡಿಯಾರ ಗೋಪುರವನ್ನು ಸಕಲ ಗೌರವಗಳೊಂದಿಗೆ ಮುಂದಕ್ಕೆ ಹಾಕಲಾಯಿತು.

ಹದಿನೆಂಟನೇ ದಿನಕ್ಕೆ ಪಂಪು ಬಂತು, ನಮ್ಮ ಮನೆಯಿಂದ ನಾಲ್ಕನೇ ಗೇಟಿಗೆ. ಅತ್ತಿಗೆಯನ್ನು ಪಂಪಿನ ಹಿಡಿ ಮುಟ್ಟಲು ಯಾರೂ ಬಿಡಲಿಲ್ಲ. ಅವಳು ಸ್ಟೂಲಿನ ಮೇಲೆ ಕೂತು ನೀರು ಬೀಳುವುದನ್ನೇ ನೋಡುತ್ತಿದ್ದಳು. ಅಮ್ಮ ಶ್ರೀಧರನಿಗೆ ಆರತಿ ಎತ್ತಿದಳು. ಬೀದಿಯ ಹೆಂಗಸರೆಲ್ಲ, "ಒಂದು ಮಾತಾಡಲ್ಲ, ಕೆಲಸ ಮಾತ್ರ ಆಗತ್ತೆ!" ಎಂದು ಕೊಂಡಾಡಿದರು. ನಾನೂ ಚಪ್ಪಾಳೆ ತಟ್ಟಿದೆ. ಎಷ್ಟು ಕಷ್ಟವಾಯಿತು ಎಂದು ನಿಮಗೆ ಹೇಳಿದರೆ ತಿಳಿಯುವುದಿಲ್ಲ.

ಗುಂಪು ಕರಗಿದ ಮೇಲೆ ಅವನನ್ನು ಪಂಪಿನ ಬಳಿಯೇ ನಿಲ್ಲಿಸಿಕೊಂಡೆ. ಈ ಒಂದು ಅಂಶದಲ್ಲಾದರೂ ಅವನನ್ನು ಕೆಡವಲೇಬೇಕಿತ್ತು. "ಆಯ್ತಪ್ಪಾ, ಪಂಪು ಬಂತು. ಆದರೆ ಅವತ್ತು ಒಂಬತ್ತರ ಜೊತೆ ಎಂಟೂ ಪಾಸಾಯ್ತು, ಹತ್ತೂ ಪಾಸಾಯ್ತು. ಅದರಲ್ಲಿ ಏನಿತ್ತು? ಯಾರ ಜಾಗ ಯಾರಿಗೆ ಹೋಯ್ತು? ಯಾವ ಮರ ಕಡಿದರು? ಯಾರೂ ಬಾಯಿ ಬಿಡದಿದ್ದರೆ ಒಳ್ಳೇದೂ ಪಾಸು, ಕೆಟ್ಟದ್ದೂ ಪಾಸು. ಇದಕ್ಕೆ ನಿನ್ನ ಉತ್ತರ?"

ಅವನು ಬಗ್ಗಿ ಕೈ ತೊಳೆದುಕೊಂಡ. ಪಂಚೆಗೆ ಒರೆಸಿಕೊಂಡ. ನಾನು ಖಂಡನೆಯ ಮೂರು ಅಂಶಗಳನ್ನು ಸಿದ್ಧವಾಗಿಟ್ಟುಕೊಂಡು ಕಾದೆ.

"ನೀನು ಹೇಳೋದು ಸರಿ," ಅಂದ. "ನನಗೂ ಅದು ಉರುತ್ತತ್ತೆ, ಮುಳ್ಳಿನ ಹಾಗೆ ಚುಚ್ಚತ್ತೆ, ರಾತ್ರಿ ನಿದ್ದೆ ಬರಲ್ಲ. ಆದ್ರೆ ಕೇಳೋಕೆ ನನಗೆ ಬಾಯಿಲ್ಲ, ನಿನಗಿದೆ. ಮುಂದಿನ ಸಲ ನೀನೇ ನಿಲ್ಲು ವಸುಧಾ. ಮನೆಮನೆಗೂ ನಾನೇ ಬಂದು ನಿನಗೆ ಓಟು ಕೇಳ್ತೀನಿ."

ಓದುಗರೇ, ಯುದ್ಧಕ್ಕೆಂದೇ ನಿಂತವಳ ಎದುರು ವಿರೋಧಿ ಹೀಗೆ ಒಪ್ಪಿಕೊಂಡುಬಿಡುವುದಕ್ಕಿಂತ ದೊಡ್ಡ ಅನ್ಯಾಯ ಬೇರೆ ಇದೆಯೇ?